ಎಲೆಯಡಿ ಶೇಕಡಾ ತೊಂಬತ್ತೇಳು

ತರಕಾರಿ ಬೆಳೆಗಾರರ ಸಂಘದ ಗುಮಾಸ್ತರು ವಿಮಾನ ಹತ್ತಿದವರಲ್ಲ. ಏಣಿ ಹತ್ತಿದರೂ ಅವರಿಗೆ ತಲೆ ಸುತ್ತುತ್ತಿತ್ತು. ಬೀರುವಿನ ಮೇಲಿದ್ದ ಕಡತ ಬೇಕಾದರೆ ಕಚೇರಿ ಗುಡಿಸುವಾಕೆಯನ್ನು ಕೂಗಿ ಕರೆಯುತ್ತಿದ್ದರು. ಇಂಥವರು ವಿಮಾನದಿಂದ ಬೆಳೆಗೆ ಔಷಧಿ ಸಿಂಪಡಿಸುವ ವಿದ್ಯೆಯಲ್ಲಿ ತಜ್ಞರಾದದ್ದು ಸಂಘದ ಮ್ಯಾನೇಜರ ಹಲ್ಲುನೋವಿನ ಕೃಪೆಯಿಂದ.

ಜಿಲ್ಲಾ ಕೇಂದ್ರದಲ್ಲಿ ಅರ್ಧ ದಿನದ ತರಬೇತಿಯೊಂದಿತ್ತು. ವಿಷಯ: ತರಕಾರಿ ಬೆಳೆಗಳಲ್ಲಿ ವೈಮಾನಿಕ ಸಿಂಪಡಣೆಯ ವ್ಯಾಪ್ತಿ ಸುಧಾರಣೆ. ಮ್ಯಾನೇಜರ ಬಲಗೆನ್ನೆ ಬನ್ನಿನಂತೆ ಊದಿಕೊಂಡದ್ದರಿಂದ ಅವರ ಬದಲಿಗೆ ಗುಮಾಸ್ತರು ಹೋದರು. ಬಸ್ಸು ತಡವಾಗಿ, ಮೊದಲ ಉಪನ್ಯಾಸ ಕೈತಪ್ಪಿತು. ಎರಡನೆಯದಕ್ಕೆ ಚಿತ್ರ ತೋರಿಸಲೆಂದು ದೀಪ ಆರಿಸಿದರು. ಕತ್ತಲೆಯೂ ಫ್ಯಾನೂ ಸೇರಿ ತಮ್ಮ ಕೆಲಸ ಮಾಡಿದವು. ಮೂರನೆಯದು ನಡೆಯುವಾಗ ಅವರು ಚಹಾದ ಸಾಲಿನಲ್ಲಿದ್ದರು. ಆದರೆ ಸರ್ಟಿಫಿಕೇಟು ಹಂಚುವ ಹೊತ್ತಿಗೆ ಇಡೀ ಸಭಾಂಗಣದಲ್ಲಿ ಅವರಷ್ಟು ಎಚ್ಚರವಾಗಿದ್ದವರು ಇನ್ನೊಬ್ಬರಿರಲಿಲ್ಲ.

ಆ ದಿನ ಅವರ ಕಿವಿಗೆ ಬಿದ್ದದ್ದು ಮೂರೇ ಮಾತು: ಹನಿಯ ಗಾತ್ರ, ಗಾಳಿಯ ದಿಕ್ಕು, ವ್ಯಾಪ್ತಿ. ಇವನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ವಾಕ್ಯ ಗಂಭೀರವಾಗಿಯೇ ಕೇಳಿಸುತ್ತದೆ ಎಂಬುದನ್ನು ಅವರು ವಾಪಸು ಬರುವ ಬಸ್ಸಿನಲ್ಲಿ ಕಂಡುಹಿಡಿದರು. ನಿಜ ಹೇಳಬೇಕೆಂದರೆ ಆ ತರಬೇತಿಯಿಂದ ಹೊರಬಂದ ಏಕೈಕ ಸಂಶೋಧನೆ ಅದೇ.

ಮನೆಯ ಮುಂದಿನ ಕೋಣೆಯಲ್ಲಿ ಮದುವೆಯ ಫೋಟೋ ಇದ್ದ ಜಾಗಕ್ಕೆ ಸರ್ಟಿಫಿಕೇಟು ಬಂತು.

"ನಮ್ಮ ಫೋಟೋ ಎಲ್ಲಿ ಹೋಯ್ತು?" ಎಂದರು ಹೆಂಡತಿ.

"ಒಳಗಿಟ್ಟಿದೀನಿ. ಮದುವೆ ಎಲ್ಲರಿಗೂ ಆಗುತ್ತೆ ಕಣೇ. ಇದು ಎಲ್ಲರಿಗೂ ಸಿಗಲ್ಲ."

ಆ ರಾತ್ರಿ ಊಟಕ್ಕೆ ಉಪ್ಪು ಮಾತ್ರ ಇರಲಿಲ್ಲ.

ಬೀದಿಯಲ್ಲಿ ಮರ್ಯಾದೆ ಏರಿತು. ಮೂಲೆಯ ಕ್ಷೌರದಂಗಡಿಯವನು ತಲೆಗೆ ನೀರು ಚಿಮುಕಿಸುವ ಬಾಟಲಿ ತೋರಿಸಿ, "ಸಾರ್, ಇದರಲ್ಲಿ ನೀರು ಹಿಂದಲೆಗೆ ಸರಿಯಾಗಿ ತಲುಪಲ್ಲ, ಏನು ಮಾಡೋದು?" ಎಂದು ಕೇಳಿದ. ಗುಮಾಸ್ತರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಹನಿಯ ಗಾತ್ರ ನೋಡ್ಕೋಬೇಕು" ಎಂದರು. ಅವನು ಆ ಸಲದ ಕ್ಷೌರಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ವಿದ್ಯೆಗೆ ಬೆಲೆ ಸಿಗುವುದೆಂದರೆ ಹೀಗೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಗುಮಾಸ್ತರಿಗೆ ಒಬ್ಬ ಮಾವ ಇದ್ದರು. ಮಾವನಿಗೆ ನಲವತ್ತು ಎಕರೆ ಎಲೆಕೋಸು ಇತ್ತು. ಎಲೆಕೋಸಿಗೆ ಹುಳ ಇತ್ತು.

ಭಾನುವಾರ ಮಧ್ಯಾಹ್ನ ಮಾವ ಪತ್ರಿಕೆಯಲ್ಲಿ ಸುತ್ತಿದ ಕೋಸೊಂದನ್ನು ತಂದು ಊಟದ ಮೇಜಿನ ನಡುವೆ ಇಟ್ಟರು. ಹೊರಗಿನ ಎಲೆಯೊಂದನ್ನು ಎತ್ತಿ ಮಗುಚಿದರು. ಎಲೆಯ ಬೆನ್ನಿಗೆ ಅಂಟಿಕೊಂಡಿದ್ದ ಹಸಿರು ಹುಳುವೊಂದು ತಲೆಯೆತ್ತಿ ಊಟಕ್ಕೆ ಕೂತವರನ್ನೆಲ್ಲ ಒಮ್ಮೆ ನೋಡಿ ಮತ್ತೆ ತಿನ್ನತೊಡಗಿತು.

"ಹೋದ ತಿಂಗಳು ವಿಮಾನ ಬಂದು ಔಷಧಿ ಹಾಕಿ ಹೋಯ್ತು," ಎಂದರು ಮಾವ ಮಗಳ ಕಡೆ ತಿರುಗಿ. ಅಳಿಯನಿಗೆ ಹೇಳಬೇಕಾದ್ದನ್ನು ಅವರು ಮಗಳಿಗೇ ಹೇಳುವುದು ಮದುವೆಯಾದಂದಿನಿಂದ ಬಂದ ಪದ್ಧತಿ. "ಔಷಧಿಯೆಲ್ಲ ಎಲೆ ಮೇಲೆ. ಹುಳ ಎಲೆ ಕೆಳಗೆ. ಕೊಡೆ ಹಿಡ್ಕೊಂಡು ಕೂತಂಗೆ ಕೂತಿದಾವೆ. ಇನ್ನೊಂದು ಸಲ ಹೀಗೇ ಆದ್ರೆ ಈ ಬೆಳೆ ಹೋಯ್ತು ಅಂತಲೇ ಲೆಕ್ಕ."

ಗುಮಾಸ್ತರು ಕೈಯೊರೆಸಿಕೊಂಡರು. "ಅದು ವ್ಯಾಪ್ತಿ ಪ್ರಶ್ನೆ ಮಾವ. ಹನಿ ಗಾತ್ರ ಬದಲಾಯಿಸಿದ್ರೆ ಗಾಳಿ ದಿಕ್ಕು ತಾನಾಗೇ ಸರಿಹೋಗುತ್ತೆ."

ಮಾವ ಹದಿನಾರು ವರ್ಷಗಳಲ್ಲಿ ಮೊದಲ ಸಲ ಅಳಿಯನ ಮುಖ ನೋಡಿದರು. "ನೀವು ಮಾಡ್ತೀರಾ?"

"ಅದರಲ್ಲೇನಿದೆ?"

"ಬೇಡ ಅಂತ ಹೇಳ್ರೀ," ಎನ್ನುವಂತೆ ಹೆಂಡತಿ ಮೇಜಿನಡಿ ಕಾಲು ತುಳಿದರು. ತುಳಿದದ್ದು ಅಪ್ಪನ ಕಾಲು. ಹೀಗಾಗಿ ಎಚ್ಚರಿಕೆ ತಲುಪಬೇಕಾದವರಿಗೆ ತಲುಪಲಿಲ್ಲ. ಸಂಜೆಯೊಳಗೆ ಸಂಘದ ಸದಸ್ಯರಿಗೆಲ್ಲ ಸುದ್ದಿ ಮುಟ್ಟಿತು: ಮುಂದಿನ ಸಿಂಪಡಣೆ ಗುಮಾಸ್ತರ ನೇತೃತ್ವದಲ್ಲಿ.

ಮರುದಿನ ಗುಮಾಸ್ತರು ಊರಾಚೆಯ ಸಣ್ಣ ರನ್‌ವೇಗೆ ಹೋದರು. ಪೈಲಟ್ ರೆಕ್ಕೆಯ ಕೆಳಗೆ ಕೂತು, ಸಿಂಪಡಿಸುವ ನಳಿಗೆಗಳ ತುದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರು. ನಲವತ್ತರ ಹೆಂಗಸು, ಮಾತು ಕಡಿಮೆ, ನೋಟ ಜಾಸ್ತಿ.

"ಈ ಸಲ ಕೆಳಗೆ ಹಾರಬೇಕು ಮೇಡಂ. ಮೂರಕ್ಕೆ," ಎಂದರು ಗುಮಾಸ್ತರು.

"ಮೂರು ಅಡೀನಾ, ಮೂರು ಮೀಟರಾ?"

ಗುಮಾಸ್ತರು ಒಂದು ಕ್ಷಣ ಯೋಚಿಸಿ, "ಎರಡೂ," ಎಂದರು.

ಪೈಲಟ್ ಬ್ರಷ್ಷು ಕೆಳಗಿಟ್ಟರು. ಈತನೊಂದಿಗೆ ಮಾತಾಡುವುದಕ್ಕಿಂತ ಕೈಗೊಂದು ಕೆಲಸ ಕೊಡುವುದು ಕ್ಷೇಮ ಎಂದು ತೀರ್ಮಾನಿಸಿದವರಂತೆ, ವಿಮಾನದೊಳಗಿಂದ ಹಳದಿ ಕಾರ್ಡುಗಳ ಕಟ್ಟೊಂದನ್ನು ತಂದರು. "ಅರವತ್ತಿವೆ. ಇಪ್ಪತ್ತು ಗಿಡದ ಮೇಲೆ, ಇಪ್ಪತ್ತು ನಡುವೆ, ಇಪ್ಪತ್ತು ಎಲೆ ಅಡಿಗೆ ಸಿಕ್ಕಿಸಿ. ಹನಿ ಬಿದ್ದ ಕಡೆ ನೀಲಿ ಆಗುತ್ತೆ. ಎಷ್ಟು ನೀಲಿ ಅಂತ ನೋಡಿದ್ರೆ ಔಷಧಿ ಎಲ್ಲೆಲ್ಲಿ ತಲುಪಿದೆ ಗೊತ್ತಾಗುತ್ತೆ. ಒಂದು ಮಾತು ನೆನಪಿಟ್ಕೊಳ್ಳಿ. ಬೆವರು, ಇಬ್ಬನಿ, ಉಗುಳು, ಏನು ತಾಗಿದ್ರೂ ನೀಲಿ ಆಗುತ್ತೆ. ಒಣ ಕೈಗವಸು ಹಾಕ್ಕೊಂಡೇ ಮುಟ್ಟಬೇಕು."

"ಗೊತ್ತಿದೆ ಮೇಡಂ, ನಾನು ಟ್ರೇನಿಂಗ್ ಆದವನು."

"ಅದಕ್ಕೇ ಹೇಳ್ದೆ," ಎಂದರು ಪೈಲಟ್.

ಬುಧವಾರ ಬೆಳಗ್ಗೆ ಆರು ಗಂಟೆಗೆ ಗುಮಾಸ್ತರು ಹೊಲಕ್ಕಿಳಿದರು. ಮಳೆಯಂಗಿ, ಮೊಣಕಾಲಿನವರೆಗಿನ ಬೂಟು, ಮೂಗಿಗೆ ಬಟ್ಟೆ. ಕೈಗವಸು ಮಾತ್ರ ಮನೆಯ ಕಿಟಕಿಯ ಮೇಲೆ ಉಳಿದಿತ್ತು. ಕೋಸಿನ ಎಲೆಗಳ ಮೇಲೆ ಇಬ್ಬನಿ ಮುತ್ತಿನಂತೆ ಕೂತಿತ್ತು. ಅಂಟಿಕೊಂಡಿದ್ದ ಕಾರ್ಡುಗಳನ್ನು ಬಿಡಿಸಲು ಅವರು ಇಪ್ಪತ್ತೆರಡು ವರ್ಷಗಳ ಗುಮಾಸ್ತಗಿರಿಯಲ್ಲಿ ಕಾಗದಗಳನ್ನು ಹೇಗೆ ಬಿಡಿಸಿದ್ದರೋ ಹಾಗೇ ಬಿಡಿಸಿದರು: ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಒಂದು, ಮತ್ತೆ ನಾಲಿಗೆಗೆ ಒತ್ತಿ, ಎರಡು. ಅರವತ್ತು ಕಾರ್ಡು, ಅರವತ್ತು ಸಲ. ಕಣ್ಣು ಆಕಾಶದಲ್ಲಿ ವಿಮಾನ ಹುಡುಕುತ್ತಿದ್ದುದರಿಂದ ಕಾರ್ಡಿನ ಬಣ್ಣದ ಕಡೆ ಹೋಗಲಿಲ್ಲ; ಕೊನೆಗೆ ಬಾಯಿ ಒಣಗಿತು.

ಆಮೇಲೆ ಹೊಲದಂಚಿನ ತಗಡಿನ ಕೊಟ್ಟಿಗೆ ಹೊಕ್ಕು, ಬಾಗಿಲು ಹಾಕಿ, ಕಿವಿಗೆ ಬೆರಳಿಟ್ಟು ಕೂತರು. ವಿಮಾನ ಬಂತು. ತಗಡು ಗಡಗಡ ನಡುಗಿತು. ಒಂದು ಸುತ್ತು ಹಾಕಿ ಹೋಯಿತು. ಇನ್ನೊಮ್ಮೆ ಬರಬಹುದೆಂದು ಇಪ್ಪತ್ತು ನಿಮಿಷ ಕಾದರು, ಬರಲಿಲ್ಲ. ಹಿಂದೆಲ್ಲ ಹತ್ತಿಪ್ಪತ್ತು ಸಲ ಓಡಾಡುತ್ತಿದ್ದ ವಿಮಾನ ಒಂದೇ ಸುತ್ತಿನಲ್ಲಿ ಕೆಲಸ ಮುಗಿಸಿತಲ್ಲ ಎಂದು ಯಾರಿಗಾದರೂ ಅನುಮಾನ ಬರಬೇಕಿತ್ತು. ಗುಮಾಸ್ತರಿಗೆ ಅಭಿಮಾನ ಬಂತು.

ಹೊರಗೆ ಬಂದು ನೋಡುತ್ತಾರೆ: ಮೇಲಿನ ಕಾರ್ಡು ನೀಲಿ, ನಡುವಿನದು ನೀಲಿ, ಅಡಿಯದೂ ಕಡುನೀಲಿ. ಎಲೆಗಳೆಲ್ಲ ಒದ್ದೆ. ಗುಮಾಸ್ತರು ನೆನೆದ ಮಣ್ಣಿನಲ್ಲಿ ನಿಂತು ಮೂಗಿನ ಬಟ್ಟೆಯಿಂದ ಕಣ್ಣೊರೆಸಿಕೊಂಡರು.

ಅದೇ ಹೊತ್ತಿಗೆ ಸಂಘದ ಕಚೇರಿಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಬೇಕಾದವರು ಹೊಲದಲ್ಲಿ ಅಳುತ್ತಿದ್ದುದರಿಂದ ಯಾರೂ ಎತ್ತಲಿಲ್ಲ. ಕಚೇರಿಗೆ ಬಂದ ಮೇಲೆ ಗುಮಾಸ್ತರು ರಿಜಿಸ್ಟರು ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದರು: ಸಿಂಪಡಣೆ ಯಶಸ್ವಿ.

ಕೃಷಿ ಅಧಿಕಾರಿಗಳು ಕಾರ್ಡುಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ತಿಂಗಳ ಕೊನೆಗೆ ಮೇಲಿನ ಕಚೇರಿಗೆ ಒಂದಾದರೂ ಒಳ್ಳೆಯ ಸುದ್ದಿ ಕಳಿಸಬೇಕಾದ ಕಷ್ಟ ಅವರದು. ಹಿಂದಿನ ತಿಂಗಳು ಕಚೇರಿಯ ಕುರ್ಚಿಗಳಿಗೆ ಬಣ್ಣ ಬಳಿದದ್ದನ್ನೇ ಸಾಧನೆಯೆಂದು ಬರೆದಿದ್ದರು.

"ಎಲೆ ಅಡಿಯಲ್ಲಿ ಶೇಕಡಾ ತೊಂಬತ್ತೇಳು!" ಅವರು ಕುರ್ಚಿಯಿಂದೆದ್ದರು. "ಹೋದ ಸಲ ನಾಲ್ಕಿತ್ತು ಕಣ್ರೀ. ಹೇಗೆ ಮಾಡಿದ್ರಿ?"

"ಹನಿಯ ಗಾತ್ರ," ಎಂದರು ಗುಮಾಸ್ತರು ನೆಲ ನೋಡುತ್ತ.

"ನಿಮ್ಮಂಥೋರನ್ನ ಈ ಮೂಲೆಯಲ್ಲಿ ಕೊಳೆಸ್ತಿದ್ದಾರಲ್ರೀ!"

ವರದಿ ಅಂದೇ ಮೇಲಕ್ಕೆ ಹೋಯಿತು. ಮಾವ ಮಗಳನ್ನು ಬಿಟ್ಟು ನೇರವಾಗಿ "ಅಳಿಯಂದಿರೇ" ಎಂದು ಮಾತಾಡಿಸತೊಡಗಿದರು. ಊಟಕ್ಕೆ ಕೂತಾಗ ತಮ್ಮ ಕುರ್ಚಿಯ ದಿಂಬು ತೆಗೆದು ಅಳಿಯನ ಬೆನ್ನಿಗೆ ಕೊಟ್ಟರು. ಹೆಂಡತಿ ಮಾತ್ರ ಆ ದಿಂಬನ್ನೂ ಗಂಡನನ್ನೂ ಸರದಿಯಂತೆ ನೋಡಿದರು.

ಈ ಸಂಭ್ರಮದಲ್ಲಿ ಪಾಲ್ಗೊಳ್ಳದವರೆಂದರೆ ಹುಳುಗಳು. ಅವಕ್ಕೆ ವರದಿಯ ಪ್ರತಿ ತಲುಪಿರಲಿಲ್ಲವೋ ಏನೋ, ನಾಲ್ಕನೆಯ ದಿನಕ್ಕೆ ಎರಡರಷ್ಟಾದವು. ಆರನೆಯ ದಿನಕ್ಕೆ ಎಲೆಗಳು ಜರಡಿಯಾದವು. ಮಾವ ಅಧಿಕಾರಿಗಳ ಕಚೇರಿಗೆ ಓಡಿದರು.

"ಸ್ವಾಮಿ, ಹುಳ ಸಾಯ್ತಿಲ್ಲ. ಇನ್ನೊಂದು ಸಲ ಔಷಧಿ ಹೊಡೆಸಿ."

"ತೊಂಬತ್ತೇಳರ ಮೇಲೆ ಇನ್ನೇನು ಹೊಡೀತೀರಿ? ಉಳಿದಿರೋದು ಮೂರು," ಎಂದರು ಅಧಿಕಾರಿಗಳು. ಆಮೇಲೆ ಅವರ ಮುಖ ನಿಧಾನವಾಗಿ ಬೆಳಗಿತು. ತೊಂಬತ್ತೇಳರಷ್ಟು ಔಷಧಿಯಲ್ಲಿ ಮಿಂದೂ ಸಾಯದ ಹುಳು! ವರದಿ ಸರಿ, ಔಷಧಿ ಸರಿ. ಹಾಗಾದರೆ ಹುಳುವೇ ಹೊಸದು. ಮುಂದಿನ ತಿಂಗಳ ಒಳ್ಳೆಯ ಸುದ್ದಿಯೂ ಸಿಕ್ಕಿಬಿಟ್ಟಿತು.

ಎಂಟನೆಯ ದಿನ ಮಾವನ ಹೊಲದ ನಾಲ್ಕು ಮೂಲೆಗೂ ಫಲಕ ಬಂತು: "ಸಂಶೋಧನೆಗೆ ಮೀಸಲಾದ ಹುಳುಗಳು. ತೊಂದರೆ ಕೊಡಬಾರದು."

ಮಾವ ಫಲಕವನ್ನು ಎರಡು ಸಲ ಓದಿದರು. "ಹೊಲ ನಂದು, ಕೋಸು ನಂದು. ಹುಳ ಯಾವಾಗ ಸರ್ಕಾರದ್ದಾಯ್ತು?"

"ಹೆಮ್ಮೆ ಪಡಬೇಕಾದ ವಿಷಯ ಕಣ್ರೀ," ಎಂದು ಅಧಿಕಾರಿಗಳು ಬೆನ್ನು ತಟ್ಟಿದರು. "ಈ ಹುಳಕ್ಕೆ ನಿಮ್ಮ ಹೆಸರೇ ಇಡೋ ಪ್ರಸ್ತಾಪ ಇದೆ."

ಅಂದು ಸಂಜೆ ಮಾವ ದಿಂಬನ್ನು ವಾಪಸು ತೆಗೆದುಕೊಂಡರು.

ಮರುದಿನ ಕೀಟವಿಜ್ಞಾನಿಗಳು ಬಂದರು. ಸಂಘದ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಅಧಿಕಾರಿಗಳು, ಊತ ಇಳಿದ ಮ್ಯಾನೇಜರು, ಹೂಗುಚ್ಛ ಹಿಡಿದ ಗುಮಾಸ್ತರು. ಮೇಜಿನ ಮೇಲೆ ಗಾಜಿನ ಜಾಡಿಯಲ್ಲಿ ಮುಖ್ಯ ಅತಿಥಿಗಳಂತೆ ಹನ್ನೆರಡು ಹುಳು. ಕೀಟವಿಜ್ಞಾನಿ ಸಣ್ಣ ಆಕಾರದ, ಮೃದು ಮಾತಿನ ವೃದ್ಧರು. ಜಾಡಿಯನ್ನು ತಿರುಗಿಸಿ ನೋಡಿದರು. "ಇದು ಮಾಮೂಲಿ ಕೋಸಿನ ಹುಳ. ನನ್ನ ಹಿತ್ತಿಲಲ್ಲೂ ಇದೆ. ಆ ಕಾರ್ಡು ಕೊಡಿ ನೋಡೋಣ."

ಒಂದನ್ನು ನೋಡಿದರು. ಇನ್ನೊಂದನ್ನು. ಆಮೇಲೆ ಹತ್ತನ್ನು ಸಾಲಾಗಿ ಹರಡಿದರು. "ಹನಿ ಬಿದ್ದರೆ ಚುಕ್ಕೆ ಚುಕ್ಕೆ ಇರಬೇಕು. ಇಲ್ಲಿ ಚುಕ್ಕೆಯೇ ಇಲ್ಲ. ಒದ್ದೆಯಾಗಿ ನೀಲಿ ಹರಡಿದೆ, ನಡುವೆ ಗೆರೆಗಳಿವೆ. ಸುರುಳಿ ಸುರುಳಿ ಗೆರೆ." ಅವರು ಕನ್ನಡಕ ಮೇಲೆತ್ತಿದರು. "ಇದು ಯಾರ ಹೆಬ್ಬೆಟ್ಟು?"

ಸಭೆಯಲ್ಲಿ ಹಿಂದಿನ ಸಾಲಿನಿಂದ ಒಂದು ನಗು ಎದ್ದು, ಜೊತೆ ಸಿಗದೆ ಕೂತುಕೊಂಡಿತು.

"ಹೆಬ್ಬೆಟ್ಟು ಇರಬಹುದು," ಅಧಿಕಾರಿಗಳು ಗಂಟಲು ಸರಿಪಡಿಸಿಕೊಂಡರು. "ಆದ್ರೆ ಸಿಂಪಡಣೆ ಆಗಿದೆಯಲ್ಲ, ರಿಜಿಸ್ಟರಲ್ಲಿ ದಾಖಲಾಗಿದೆ."

ಆಗಲೇ ಬಾಗಿಲ ಬಳಿ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡ ಪೈಲಟ್ ಕಾಣಿಸಿದರು. ಬೇರೊಂದು ಕಡೆಯ ಕೆಲಸ ಮುಗಿಸಿ ಆಗಷ್ಟೇ ಇಳಿದಿದ್ದರು. "ಮ್ಯಾನೇಜರ್ ಸಾರ್, ಆ ಕೋಸಿನ ಹೊಲಕ್ಕೆ ಯಾವತ್ತು ಔಷಧಿ ಹೊಡೀಲಿ? ಅವತ್ತು ಗಾಳಿ ಜೋರಿತ್ತು ಅಂತ ವಾಪಸ್ ಹೋದೆ. ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ."

"ವಾಪಸ್ ಹೋದ್ರಾ?" ಅಧಿಕಾರಿಗಳ ಧ್ವನಿ ಕೀರಲಾಯಿತು. "ಹಾಗಾದ್ರೆ ಅವತ್ತು ಒಂದು ಸುತ್ತು ಹಾಕಿದ್ದು ಯಾಕೆ?"

"ಗಾಳಿ ನೋಡೋಕೆ. ಟ್ಯಾಂಕ್ ಖಾಲಿ ಇತ್ತು. ಔಷಧಿ ಡ್ರಮ್ಮು ನಿಮ್ಮ ಗೋಡೌನಲ್ಲೇ ಇವೆಯಲ್ಲ, ಸೀಲೂ ಒಡೆದಿಲ್ಲ."

ಗೋಡೌನಿನ ಬೀಗದ ಕೈ ಗುಮಾಸ್ತರ ಸೊಂಟದಲ್ಲೇ ನೇತಾಡುತ್ತಿತ್ತು. ಇಡೀ ಸಭೆ ಅದನ್ನು ನೋಡಿತು. ಹೂಗುಚ್ಛ ಅದನ್ನು ಮುಚ್ಚುವಷ್ಟು ದೊಡ್ಡದಿರಲಿಲ್ಲ.

ಮಾವ ಎದ್ದು ನಿಂತರು. ಎಲ್ಲರೂ ಬೈಗುಳಕ್ಕೆ ಕಾದರು. ಅವರು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದಾಗಿ, ಮೊದಲಿನಂತೆ ಮಗಳ ಕಡೆ ತಿರುಗಿದರು. "ಓದು ಬರದೋರು ಒಂದು ಕಡೆ ಹೆಬ್ಬೆಟ್ಟು ಒತ್ತುತಾರೆ ಕಣಮ್ಮ. ನಿನ್ನ ಗಂಡ ಸರ್ಟಿಫಿಕೇಟ್ ಇಟ್ಕೊಂಡು ಅರವತ್ತು ಕಡೆ ಒತ್ತಿದ್ದಾರೆ."

ಈ ಸಲ ನಗುವಿಗೆ ಜೊತೆ ಸಿಕ್ಕಿತು. ಕಿಟಕಿಯ ಗಾಜು ಅದುರಿತು. ಗುಮಾಸ್ತರ ಕಿವಿ ಕೆಂಪಾಯಿತು; ತೆರೆದ ಬಾಯಿ ಆ ಮೂರು ಮಾತುಗಳಲ್ಲಿ ಒಂದೂ ಹೊರಬರದೆ ಮುಚ್ಚಿತು. ಕೊನೆಗೆ ಅವರು ಹೂಗುಚ್ಛವನ್ನು ಹುಳುವಿನ ಜಾಡಿಯ ಪಕ್ಕಕ್ಕಿಟ್ಟು, ವೇದಿಕೆಯಿಂದಿಳಿದು ಪೈಲಟ್ ಮುಂದೆ ನಿಂತರು.

"ಮೇಡಂ, ನಂಗೆ ಏನೂ ಗೊತ್ತಿಲ್ಲ. ಏನು ಮಾಡಬೇಕು ಹೇಳಿ."

ಪೈಲಟ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನ ಮೊದಲೇ ಹೇಳಿದ್ರೆ ಎಂಟು ದಿನ ಉಳೀತಿತ್ತು. ಔಷಧಿ ಬೆರೆಸಿದ ನೀರು ಎಕರೆಗೆ ಇಪ್ಪತ್ತು ಲೀಟರ್ ಹಾಕ್ತಿದ್ವಿ, ಡ್ರಮ್ಮಿನ ಚೀಟಿ ಮೇಲೆ ನಲವತ್ತರ ತನಕ ಹಾಕಬಹುದು ಅಂತಿದೆ. ನಲವತ್ತು ಹಾಕೋಣ. ಸಾಲುಗಳನ್ನ ಹತ್ತಿರ ಹತ್ತಿರ ಹಾರ್ತೀನಿ. ಹನಿ ತೀರ ಸಣ್ಣ ಆದ್ರೆ ಪಕ್ಕದ ಊರಿಗೆ ಹೋಗುತ್ತೆ, ದಪ್ಪ ಆದ್ರೆ ಮೇಲಿನ ಎಲೇಲೇ ಕೂರುತ್ತೆ. ನಡುವಿನ ಗಾತ್ರದ ನಳಿಗೆ ಹಾಕ್ತೀನಿ. ಇಬ್ಬನಿ ಆರಿದ ಮೇಲೆ, ಗಾಳಿ ಏಳೋ ಮೊದಲು, ಒಂದೂವರೆ ಗಂಟೆ ಸಿಗುತ್ತೆ. ಟ್ಯಾಂಕು ಎರಡರಷ್ಟು ಸಲ ತುಂಬಬೇಕು. ಪೈಪು ಎಳೆಯೋಕೆ ಜನ ಬೇಕು."

"ನಾನು ಎಳೀತೀನಿ."

"ಕಾರ್ಡು?"

"ಅದು ನಾನಿಡ್ತೀನಿ," ಎಂದರು ಹೆಂಡತಿ ಹಿಂದಿನಿಂದ. ಅವರ ಕೈಯಲ್ಲಿ, ಎಂಟು ದಿನ ಕಿಟಕಿಯ ಮೇಲಿದ್ದ ಕೈಗವಸು ಇತ್ತು.

ಅಧಿಕಾರಿಗಳು ಬೇಡವೆನ್ನಲು ಬಾಯಿ ತೆರೆದರು. ಹುಳು ಇನ್ನೂ ಸಂಶೋಧನೆಗೆ ಮೀಸಲು ಎಂಬುದು ಅವರ ವಾದ. ಕೀಟವಿಜ್ಞಾನಿಗಳು ಜಾಡಿಯನ್ನು ಅವರ ಕೈಗಿಟ್ಟು, "ಈ ಹನ್ನೆರಡನ್ನ ನೀವು ಸಾಕ್ಕೊಳ್ಳಿ," ಎಂದು ಬಸ್ಸಿಗೆ ಹೋದರು.

ಮರುದಿನ ಬೆಳಗಿನ ಆ ಒಂದೂವರೆ ಗಂಟೆಯಲ್ಲಿ ಗುಮಾಸ್ತರು ಮನುಷ್ಯರಂತೆ ಕಾಣುತ್ತಿರಲಿಲ್ಲ. ವಿಮಾನ ಇಳಿದಾಗಲೆಲ್ಲ ಹೆಬ್ಬಾವಿನಂಥ ಪೈಪನ್ನು ಭುಜದ ಮೇಲೆ ಹೊತ್ತು ಓಡಿದರು. ಎರಡು ಸಲ ಬಿದ್ದರು. ಮೂರನೆಯ ಸಲ ಪೈಪು ಅವರ ಮೇಲೆ ಬಿತ್ತು. ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ತಲೆ ಸುತ್ತಿದಾಗ ಕಣ್ಣು ಮುಚ್ಚಿಕೊಂಡು ತಿರುಗಿಸಿದರು. ರನ್‌ವೇಯ ಬೇಲಿಯಾಚೆ ಸೇರಿದ್ದ ಸಂಘದ ಸದಸ್ಯರು ಮೊದಮೊದಲು ಚಪ್ಪಾಳೆ ತಟ್ಟಿ ಗೇಲಿ ಮಾಡಿದರು. ನಾಲ್ಕನೆಯ ಸಲಕ್ಕೆ ಕ್ಷೌರದಂಗಡಿಯವನು ಬೇಲಿ ಹಾರಿ ಬಂದು ಪೈಪಿನ ಇನ್ನೊಂದು ತುದಿ ಹಿಡಿದ.

ಔಷಧಿ ಆರಿದ ಮೇಲೆ, ಮಳೆಯಂಗಿ ತೊಟ್ಟ ಹೆಂಡತಿ ಕಾರ್ಡುಗಳನ್ನು ತಂದು ರೆಕ್ಕೆಯ ಮೇಲೆ ಹರಡಿದರು. ಈ ಸಲ ಚುಕ್ಕೆಗಳಿದ್ದವು; ಸಣ್ಣ, ಒಂದೇ ಸಮನಾದ ನೀಲಿ ಚುಕ್ಕೆಗಳು, ಎಲೆಯಡಿಯ ಕಾರ್ಡುಗಳ ಮೇಲೂ. ಪೈಲಟ್ ಭೂತಗನ್ನಡಿ ಹಿಡಿದು ಲೆಕ್ಕ ಹಾಕಿದರು. "ಎಲೆ ಅಡಿ ಶೇಕಡಾ ಹತ್ತೊಂಬತ್ತು."

"ಬರೀ ಹತ್ತೊಂಬತ್ತಾ?" ಗುಮಾಸ್ತರು ಪೈಪಿನ ಮೇಲೆ ಕುಸಿದರು.

"ಹದಿನೈದು ಬಂದ್ರೆ ಸಾಕು ಅಂತಿದ್ದೆ. ನನ್ನ ಸರ್ವೀಸಲ್ಲಿ ಇಷ್ಟು ನೋಡಿಲ್ಲ," ಎಂದ ಪೈಲಟ್ ತಮ್ಮ ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವರ ಕೈಗೆ ಕೊಟ್ಟರು.

ಮೂರನೆಯ ದಿನ, ಮಳೆಯಂಗಿಯಿಲ್ಲದೆಯೂ ಹೊಲಕ್ಕೆ ಇಳಿಯಬಹುದೆಂದು ಪೈಲಟ್ ಹೇಳಿದ ಮೇಲೆ, ಗುಮಾಸ್ತರು ಕೋಸಿನ ಎರಡು ಸಾಲುಗಳ ನಡುವೆ ಅಂಗಾತ ಮಲಗಿ ಎಲೆಗಳ ಬೆನ್ನು ನೋಡುತ್ತಿದ್ದರು. ಪಕ್ಕದಲ್ಲಿ ಯಾರೋ ಉಸ್ಸೆಂದು ಮಲಗಿದ ಸದ್ದಾಯಿತು. ಮಾವ. ಹೊಸ ಅಂಗಿಯ ಬೆನ್ನೆಲ್ಲ ಮಣ್ಣು.

"ಇದು ಸತ್ತಿದೆ," ಎಂದರು ಮಾವ ಒಂದು ಹುಳುವನ್ನು ಕಡ್ಡಿಯಿಂದ ತಿವಿದು.

"ಇಲ್ಲೊಂದು. ಇದೂ ಸತ್ತಿದೆ."

"ಅದು ಆಡ್ತಿದೆಯಲ್ಲ?"

"ಇಲ್ಲ ಮಾವ, ನೀವು ಎಲೆ ಅಲ್ಲಾಡಿಸ್ತಿದ್ದೀರಿ."

ಮಾವ ಕೈ ತೆಗೆದರು. ಹುಳು ನಿಶ್ಚಲವಾಯಿತು. "ಹತ್ತು ಎಕರೆ ಹೋಯ್ತು," ಎಂದರು. ಕಡ್ಡಿಯಿಂದ ಪಕ್ಕದ ಎಲೆ ಎತ್ತಿ ನೋಡಿ, "ಮೂವತ್ತು ಉಳೀತು, ಅಳಿಯಂದಿರೇ," ಎಂದರು. ಹೇಳಿದ್ದು ಮಗಳಿಗಲ್ಲ; ಮಗಳು ಅಲ್ಲಿರಲೇ ಇಲ್ಲ.

ಎಲ್ಲ ಸುಖವಾಗಿ ಮುಗಿಯಿತು ಎನ್ನುವಷ್ಟರಲ್ಲಿ ಮೇಲಿನ ಕಚೇರಿಯಿಂದ ನೋಟೀಸು ಬಂತು. ಎರಡೂ ಸಲದ ಅಂಕಿಗಳು ಅಲ್ಲಿಗೆ ತಲುಪಿದ್ದವು. ಎಲೆಯಡಿಯ ವ್ಯಾಪ್ತಿ ಶೇಕಡಾ ತೊಂಬತ್ತೇಳರಿಂದ ಹತ್ತೊಂಬತ್ತಕ್ಕೆ ಕುಸಿದಿರುವುದು ಕಳವಳಕಾರಿ. ಈ ಇಳಿಕೆಗೆ ಕಾರಣವೇನೆಂದು ಮೂರು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.

ಅಧಿಕಾರಿಗಳು ನೋಟೀಸು ಹಿಡಿದು ಸಂಘದ ಕಚೇರಿಗೆ ಓಡಿಬಂದರು. "ಏನ್ರೀ ಬರೆಯೋದು? ಮೊದಲಿನದು ಸುಳ್ಳು ಅಂದ್ರೆ ನನ್ನ ಸಹಿ ಇದೆ. ಎರಡನೇದು ಸುಳ್ಳು ಅಂದ್ರೆ ಬೆಳೆ ಇದೆ. ನಿಮ್ಮ ಆ ಹನಿ, ಗಾಳಿ ಅಂತ ಏನಾದ್ರೂ ಸೇರಿಸಿ ನಾಲ್ಕು ಪುಟ ಬರೀರಿ. ಓದಿದೋರಿಗೆ ತಲೆ ತಿರುಗಬೇಕು."

"ಬೇಡ ಸಾರ್, ಇದ್ದದ್ದನ್ನೇ ಬರೀತೀನಿ," ಎಂದರು ಗುಮಾಸ್ತರು.

"ಕೆಲಸ ಹೋಗುತ್ತೆ ಕಣ್ರೀ! ನಿಮ್ಮದಲ್ಲ, ನಂದು!"

ಗುಮಾಸ್ತರು ಆಗಲೇ ಬರೆಯುತ್ತಿದ್ದರು. ನಾಲ್ಕು ಪುಟ ಬೇಕಾಗಲಿಲ್ಲ. ಮೂರು ಸಾಲಿನಲ್ಲಿ ಮುಗಿಯಿತು:

"ಮೊದಲನೆಯ ಸಲ ವಿಮಾನ ಔಷಧಿ ಸಿಂಪಡಿಸಲಿಲ್ಲ. ಎರಡನೆಯ ಸಲ ಸಿಂಪಡಿಸಿತು. ಆದ್ದರಿಂದ ವ್ಯಾಪ್ತಿ ಕಡಿಮೆಯಾಗಿದೆ."

ಅಧಿಕಾರಿಗಳು ಆ ಮೂರು ದಿನ ನಿದ್ದೆ ಮಾಡಲಿಲ್ಲ. ನಾಲ್ಕನೆಯ ದಿನ ಕಾಗದ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಸಹಿ, ಅದರ ಮೇಲೊಂದು ಮೊಹರು:

"ವಿವರಣೆ ತೃಪ್ತಿಕರ. ಕಡತ ಮುಕ್ತಾಯ."